ಬಲ ನಳಿಕೆಯ ಡಮ್ಮಿ ಕಾಡತೂಸು

ನಾನು ಒಂದು ಡಮ್ಮಿ ಕಾಡತೂಸು. ಜೋಡಿ ನಳಿಕೆಯ ಬಂದೂಕಿಗೆ ಹಾಕುವ, ಗಾತ್ರದಲ್ಲೂ ತೂಕದಲ್ಲೂ ಅಸಲಿಯಂತೆಯೇ ಇರುವ, ಆದರೆ ಎಷ್ಟು ಸಲ ಟ್ರಿಗರ್ ಒತ್ತಿದರೂ ಸಿಡಿಯದ ಕಾಡತೂಸು. ಸಿಡಿಯುವವರನ್ನು ಜನ ಜೀವಂತ ಗುಂಡು ಎನ್ನುತ್ತಾರೆ. ಪೇಪರಿನಲ್ಲೂ ಹಾಗೆಯೇ ಬರೆಯುತ್ತಾರೆ. ಹಾಗಾದರೆ ನಾನೇನು ಎಂದು ಈವರೆಗೆ ಯಾರೂ ಕೇಳಿಲ್ಲ. ನನಗೆ ಹೊಟ್ಟೆಕಿಚ್ಚು ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಬಚ್ಚಿಟ್ಟೆ ಅನ್ನುತ್ತೀರಿ.

ಹುಟ್ಟುವಾಗ ನಾನೂ ಜೀವಂತವಾಗಿಯೇ ಹುಟ್ಟಿದೆ. ದೂರದ ಕಾರ್ಖಾನೆಯೊಂದರಲ್ಲಿ ನನಗೆ ಕೆಂಪು ಪ್ಲಾಸ್ಟಿಕ್ಕಿನ ಮೈ ಬಂತು, ಹಿತ್ತಾಳೆಯ ತಳ ಬಂತು, ತಳದ ನಡುವೆ ಕಿಡಿ ಹಾರಿಸುವ ಪುಟ್ಟ ಕೇಪು ಬಂತು. ಹೊಟ್ಟೆಯಲ್ಲಿ ಮದ್ದು, ಅದರ ಮೇಲೆ ಸೀಸದ ಸಣ್ಣ ಗುಂಡುಗಳು. ಇಪ್ಪತ್ತೈದು ಮಂದಿ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ಹೊರಟೆವು. ಬೆಳಗಾವಿ ಜಿಲ್ಲೆಯ ಒಂದು ತಾಲ್ಲೂಕು ಊರಿನ ಹೊರಗೆ, ಕೆಲಸ ನಿಂತುಹೋದ ಕಲ್ಲು ಕ್ವಾರಿಯಲ್ಲಿ, ಸಿದ್ರಾಯ ಮುಗಳಖೋಡ ಎಂಬ ನಿವೃತ್ತ ಹವಾಲ್ದಾರರ ಕೈಗೆ ಬಂದು ಬಿದ್ದೆವು. ಅವರು ಸೆಕ್ಯುರಿಟಿ ಏಜೆನ್ಸಿಯೊಂದರ ಗನ್‌ಮನ್‌ಗಳಿಗೆ, ಅಂದರೆ ಬ್ಯಾಂಕುಗಳ ಬಾಗಿಲಲ್ಲಿ ಬಂದೂಕು ಹಿಡಿದು ಕೂರುವವರಿಗೆ, ತಿಂಗಳಿಗೊಂದು ರವಿವಾರ ಅಲ್ಲಿ ಪಾಠ ಹೇಳುತ್ತಿದ್ದರು. ಫೌಜಿನ ರೂಢಿಯಂತೆ ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

ನನ್ನ ಜೀವ ಇದ್ದದ್ದು ಒಂದೇ ಕ್ಷಣ. ಹೊಸ ತಂಡದ ಮೊದಲ ಪಾಠದ ದಿನ ಉಸ್ತಾದ್ ಒಂದು ಕುಂಬಳಕಾಯಿಯನ್ನು ಕಲ್ಲಿನ ಮೇಲಿಟ್ಟು, ಇಪ್ಪತ್ತು ಹೆಜ್ಜೆ ಹಿಂದೆ ಸರಿದು, ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕ ಕಾಡತೂಸನ್ನು ಬಂದೂಕಿಗೆ ಹಾಕಿದರು. ಸಿಕ್ಕಿದ್ದು ನಾನು. ಢಂ ಎಂದಿತು. ಕುಂಬಳಕಾಯಿ ಇದ್ದ ಜಾಗದಲ್ಲಿ ಒದ್ದೆ ಕಲ್ಲು ಮಾತ್ರ ಉಳಿಯಿತು.

"ಇವತ್ತ ಕುಂಬಳಕಾಯಿ ಇಟ್ಟೀನಿ. ನಾಳೆ ಆ ಜಾಗಾದಾಗ ಮನಷ್ಯಾ ಇರ್ತಾನ," ಎಂದರು ಉಸ್ತಾದ್. ತಂಡದವರು ಗಂಭೀರವಾಗಿ ತಲೆಯಾಡಿಸಿದರು. ನನ್ನ ಜೊತೆ ಬಂದ ಇಪ್ಪತ್ನಾಲ್ಕು ಮಂದಿ ಬ್ಯಾಂಕುಗಳ ಕಾವಲಿಗೆ ಹೋದರು, ಬೆಲ್ಟಿನಲ್ಲಿ ಸಾಲಾಗಿ ನಿಂತು ಊರವರ ಕಣ್ಣಿಗೆ ಬಿದ್ದರು. ನನ್ನ ಪಾಲಿಗೆ ಬಂದದ್ದು ಕುಂಬಳಕಾಯಿ, ಅದೂ ಒಂದು ಮಗ್ಗುಲು ಕೊಳೆತದ್ದು.

ಸಿಡಿದ ಮೇಲೆ ಖಾಲಿ ಕೋಶಗಳನ್ನು ಯಾರೂ ತಿರುಗಿ ನೋಡುವುದಿಲ್ಲ. ಆದರೆ ಉಸ್ತಾದ್ ಬಗ್ಗಿ ನನ್ನನ್ನು ಎತ್ತಿಕೊಂಡರು, ಬಾಯಿ ಹರಿದಿಲ್ಲ ಎಂದು ಬೆರಳಾಡಿಸಿ ನೋಡಿದರು. ಮನೆಗೆ ಒಯ್ದು ಸುಟ್ಟ ಕೇಪನ್ನು ಕಿತ್ತು, ಹಳೆಯ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ರಬ್ಬರಿನ ಚೂರನ್ನು ಆ ತೂತಿಗೆ ತುರುಕಿದರು. ಹೊಟ್ಟೆಗೆ ಹೊಳೆಯ ಮರಳು ತುಂಬಿದರು, ಬಾಯಿಗೆ ಮೇಣ ಸುರಿದರು, ಸೊಂಟಕ್ಕೆ ಹಸಿರು ಬಣ್ಣದ ಪಟ್ಟಿ ಬಳಿದರು. ನನ್ನಂಥವರು ಒಟ್ಟು ಆರು ಮಂದಿ. ಜೀವಂತ ಗುಂಡುಗಳಿಗೆ ಬೀಗ ಹಾಕುವ ಕಬ್ಬಿಣದ ಪೆಟ್ಟಿಗೆ, ನಮಗೆ ಚಹಾಪುಡಿಯ ಖಾಲಿ ಡಬ್ಬಿ. ಎರಡನ್ನೂ ಒಂದೇ ಚೀಲದಲ್ಲಿ ಇಡಬಾರದು, ಒಂದೇ ಮೇಜಿನ ಮೇಲೆ ತೆರೆಯಬಾರದು. ಅದು ಉಸ್ತಾದರ ಕಟ್ಟಪ್ಪಣೆ. ಸುರಕ್ಷತೆಗಾಗಿ ಎಂದು ಅವರು ಹೇಳುತ್ತಿದ್ದರು. ಪಂಕ್ತಿಭೇದ ಎಂದು ನಾನು ಹೇಳುತ್ತಿದ್ದೆ.

ನಮ್ಮ ಕೆಲಸ ಏನು ಗೊತ್ತೆ? ಹೆದರಿಕೆಯನ್ನು ಬಯಲು ಮಾಡುವುದು. ಬಂದೂಕು ಸಿಡಿದಾಗ ಭುಜಕ್ಕೆ ಒದೆಯುತ್ತದೆ, ಕಿವಿ ಗುಂಯ್ ಎನ್ನುತ್ತದೆ. ಆ ಒದೆತಕ್ಕೆ ಹೆದರುವವನು ಟ್ರಿಗರ್ ಒತ್ತುವ ಮುಂಚೆಯೇ ಕಣ್ಣು ಮುಚ್ಚಿ ಬಂದೂಕಿನ ಬಾಯನ್ನು ಕೆಳಗೆ ಒತ್ತಿಬಿಡುತ್ತಾನೆ. ಜೀವಂತ ಗುಂಡು ಸಿಡಿದರೆ ಸದ್ದುಗದ್ದಲದಲ್ಲಿ ಅದು ಯಾರಿಗೂ ಕಾಣುವುದಿಲ್ಲ. ಅದಕ್ಕೇ ಉಸ್ತಾದ್ ಬೆನ್ನು ತಿರುಗಿಸಿ ನಿಂತು, ಶಿಷ್ಯನಿಗೆ ಗೊತ್ತಾಗದಂತೆ ಕೆಲವು ಸಲ ಜೀವಂತ ಗುಂಡು, ಕೆಲವು ಸಲ ನಮ್ಮನ್ನು ತುಂಬಿ ಬಂದೂಕು ಕೊಡುತ್ತಿದ್ದರು. ಟಕ್ ಎನ್ನುತ್ತದೆ, ಸಿಡಿಯುವುದಿಲ್ಲ, ಆದರೂ ಬಂದೂಕಿನ ಬಾಯಿ ಗಪ್ಪನೆ ಕೆಳಗೆ ಹೋಗುತ್ತದೆ. ಸುತ್ತ ನಿಂತವರೆಲ್ಲ ನಗುತ್ತಾರೆ. ಮರ್ಯಾದೆ ಹೋದವನು ನನ್ನನ್ನು ಕಿತ್ತು ದೂಳಿಗೆ ಎಸೆಯುತ್ತಾನೆ. ಜೀವಂತವಾದವರಿಗೆ ಚಪ್ಪಾಳೆ, ನನಗೆ ದೂಳು.

ಟಕ್ ಎಂದ ಮೇಲೆ ಮಾಡಬೇಕಾದ್ದನ್ನೂ ಉಸ್ತಾದ್ ಕಲಿಸಿದ್ದರು. ಜೋಡಿ ನಳಿಕೆಯ ಬಂದೂಕಿಗೆ ಎರಡು ಟ್ರಿಗರ್. ಮುಂದಿನದು ಬಲ ನಳಿಕೆಗೆ, ಹಿಂದಿನದು ಎಡ ನಳಿಕೆಗೆ. "ಬಲಗಡಿದು ಕೈಕೊಟ್ಟಿತಂದ್ರ ವಿಚಾರ ಮಾಡ್ಕೋತ ನಿಂದ್ರಬ್ಯಾಡ್ರಿ. ಬೆರಳು ಸೀದಾ ಹಿಂದಿನ ಟ್ರಿಗರಿಗೆ ಹೋಗಬೇಕು," ಎನ್ನುತ್ತಿದ್ದರು. ಅದನ್ನು ನೂರಾರು ಸಲ ಮಾಡಿಸುತ್ತಿದ್ದರು. ಅದಕ್ಕೂ ಮೊದಲಿನ ಪಾಠ ಇನ್ನೊಂದಿತ್ತು. ಹೊಡೆಯಲೇಬೇಕು ಎಂದು ಖಚಿತವಾಗುವ ತನಕ ಬೆರಳು ಟ್ರಿಗರಿನ ಹೊರಗೇ ಇರಬೇಕು.

ಆ ತಂಡದಲ್ಲಿ ಲಗಮಣ್ಣ ಎಂಬವನಿದ್ದ. ಹತ್ತೊಂಬತ್ತು ವರ್ಷ ಫೌಜಿನಲ್ಲಿದ್ದವನು, ಆದರೆ ಅಡುಗೆಯವನು. ಸಾವಿರ ಜನರ ದಾಲ್ ಬೇಯಿಸಿದ ಕೈ. ಮಾಜಿ ಸೈನಿಕ ಎಂಬ ಕಾಗದ ನೋಡಿ ಏಜೆನ್ಸಿಯವರು ಅವನ ಕೈಗೆ ಬಂದೂಕು ಕೊಟ್ಟು ಬ್ಯಾಂಕಿನ ಬಾಗಿಲಲ್ಲಿ ಕೂರಿಸಿದ್ದರು. ಮನೆಯಲ್ಲಿ ದುಡಿಯುವವನು ಅವನೊಬ್ಬನೇ, ಹಾಗಾಗಿ ಅವನೂ ಬೇಡ ಎನ್ನಲಿಲ್ಲ. ಕ್ವಾರಿಗೆ ಬಂದಾಗಲೆಲ್ಲ ಮೂರು ಕಲ್ಲು ಹೂಡಿ ಉಪ್ಪಿಟ್ಟು ಮಾಡುತ್ತಿದ್ದ. ಗುರಿಯ ಹಲಗೆಯನ್ನು ಮರೆತು ಎಲ್ಲರೂ ಆ ಉಪ್ಪಿಟ್ಟನ್ನು ಹೊಗಳುತ್ತಿದ್ದರು. ನನಗೆ ಉಪ್ಪಿಟ್ಟಿನ ಮೇಲೂ ಹೊಟ್ಟೆ ಉರಿಯುತ್ತಿತ್ತು ಎಂದರೆ ನನ್ನ ಸ್ವಭಾವ ನಿಮಗೆ ತಿಳಿದೀತು.

ಅವನು ನನ್ನನ್ನು ತುಂಬಿದ ಬಂದೂಕು ಹಿಡಿದು ಟ್ರಿಗರ್ ಒತ್ತಿದಾಗಲೆಲ್ಲ ಬಂದೂಕಿನ ಬಾಯಿ ನೆಲಕ್ಕೆ ನಮಸ್ಕಾರ ಹಾಕುತ್ತಿತ್ತು. ಒಂದು ರವಿವಾರ ಉಸ್ತಾದರ ತಾಳ್ಮೆ ಮುಗಿಯಿತು.

"ಲಗಮಣ್ಣ, ಮುಂದಿನ ತಿಂಗಳ ಪರೀಕ್ಷಾ ಐತಿ. ಅವತ್ತೂ ಬಾಯಿ ಹಿಂಗ ಅಲಗಿತಂದ್ರ ನಾ ಸಹಿ ಮಾಡಂಗಿಲ್ಲ ನೋಡು. ನಿನ್ನ ಕೆಲಸ ಹೋತು ಅಂತ ತಿಳಕೊ."

"ಒದಿಯೂದಕ್ಕ ಅಷ್ಟ ಅಂಜಂಗಿಲ್ರಿ ಉಸ್ತಾದ್," ಎಂದ ಲಗಮಣ್ಣ, ತಗ್ಗಿದ ದನಿಯಲ್ಲಿ. "ಬ್ಯಾಂಕಿನ್ಯಾಗ ಪೆನ್ಶನ್ ಮುದುಕ್ಯಾರು ನೆಲದ ಮ್ಯಾಲ ಕುಂತಿರ್ತಾರ್ರಿ. ಇದರಾಗಿನ ಗುಂಡು ಒಂದ ಕಡೆ ಹೋಗಂಗಿಲ್ಲ, ಚದರತಾವ. ನನ್ನ ಕೈಲೆ ಏನರ ತಪ್ಪಾತಂದ್ರ ಏನ್ ಮಾಡ್ಲಿ?"

ಉಸ್ತಾದ್ ಬಂದೂಕನ್ನು ಮತ್ತೆ ಅವನ ಕೈಗೆ ಕೊಟ್ಟರು. ಅವರ ಬಳಿ ಆ ಪ್ರಶ್ನೆಗೆ ಅಭ್ಯಾಸ ಎಂಬ ಒಂದೇ ಉತ್ತರವಿತ್ತು, ಅದನ್ನು ಆಗಲೇ ಹೇಳಿಯಾಗಿತ್ತು.

ಆ ದಿನ ಎಲ್ಲರಿಗೂ ಚಹಾ ಕೊಡುವ ನೆಪದಲ್ಲಿ ಲಗಮಣ್ಣ ನಮ್ಮ ಡಬ್ಬಿಯ ಬಳಿ ಬಂದ. ಎರಡು ಬೆರಳಿನಲ್ಲಿ ನನ್ನನ್ನು ಎತ್ತಿ ಜೇಬಿಗೆ ಹಾಕಿಕೊಂಡ. ನನ್ನ ಜಾಗಕ್ಕೆ ಇನ್ನೊಬ್ಬನನ್ನು ಮನೆಯಿಂದಲೇ ತಯಾರಿಸಿ ತಂದಿದ್ದ. ಅದೂ ಕೆಂಪು ಕೋಶ, ಅದರ ಸೊಂಟಕ್ಕೂ ಹಸಿರು ಪಟ್ಟಿ. ಬಂದೂಕಿಗೆ ಹಾಕುವಷ್ಟು ತನ್ನ ಕೈಕೆಲಸವನ್ನು ಅವನೇ ನಂಬುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಉಸ್ತಾದ್ ಡಬ್ಬಿಯೊಳಗೆ ಕಣ್ಣು ಹಾಯಿಸಿ "ಆರು" ಎಂದು ಗಟ್ಟಿಯಾಗಿ ಹೇಳಿ ಮುಚ್ಚಳ ಹಾಕಿದ್ದು ನನಗೆ ಜೇಬಿನೊಳಗಿಂದಲೇ ಕೇಳಿಸಿತು. ಅಷ್ಟು ತಿಂಗಳು ದುಡಿದವನ ಕೊರತೆ ಒಂದು ಗಳಿಗೆಯೂ ಕಾಣಿಸಲಿಲ್ಲವಲ್ಲ ಎಂದು ಆ ನಕಲಿಯ ಮೇಲೆ ನನಗೆ ಕಡುಕೋಪ ಬಂತು. ನಾನೇ ನಕಲಿ, ನನಗೂ ಒಬ್ಬ ನಕಲಿ.

ಆದರೆ ಮರುದಿನ ಬೆಳಿಗ್ಗೆ ಆ ಕೋಪವೆಲ್ಲ ಇಳಿದುಹೋಯಿತು. ಬ್ಯಾಂಕಿನ ಬಾಗಿಲಲ್ಲಿ ಬೆಂಕಿ ನಂದಿಸಲು ಇಟ್ಟಿದ್ದ ಮರಳಿನ ಬಕೆಟ್ಟಿನ ಕಡೆ ನಳಿಕೆ ತಿರುಗಿಸಿ ಲಗಮಣ್ಣ ಬಂದೂಕನ್ನು ಕೀಲಿನಲ್ಲಿ ಮಡಚಿ ತೆರೆದ. ಎಡ ನಳಿಕೆಗೆ ಬೆಲ್ಟಿನಿಂದ ಒಂದು ಜೀವಂತ ಗುಂಡು ಹಾಕಿದ. ಬಲ ನಳಿಕೆಗೆ ನನ್ನನ್ನು ಹಾಕಿದ. ಕಟಕ್ಕನೆ ಬಂದೂಕು ಮುಚ್ಚಿತು. ನಾನು ಡ್ಯೂಟಿಯ ಮೇಲಿದ್ದೆ!

ಅಂದಿನ ಹಿಗ್ಗನ್ನು ಏನು ಹೇಳಲಿ. ಅಭ್ಯಾಸವಲ್ಲ, ಆಟವಲ್ಲ, ಸಾಕ್ಷಾತ್ ಬ್ಯಾಂಕಿನ ಕಾವಲು. ಅದೂ ಬಲ ನಳಿಕೆಯಲ್ಲಿ, ಮೊದಲ ಸರದಿಯಲ್ಲಿ. ಪಕ್ಕದ ನಳಿಕೆಯಲ್ಲಿದ್ದ ಜೀವಂತ ಗುಂಡಿಗೆ ನಾನು ಎಡಗಡೆಯವಳು ಎಂದು ಹೆಸರಿಟ್ಟೆ. ಹೊಸ ಹಿತ್ತಾಳೆ, ಮೈಮೇಲೆ ಒಂದು ಗೀರೂ ಇಲ್ಲ. ನಾನೇ ಮಾತನಾಡಿಸಿದೆ, ನಾನು ಮೊದಲು ನೀನು ಆಮೇಲೆ ನೋಡು ಎಂದೆ. ಅವಳು ತುಟಿ ಬಿಚ್ಚಲಿಲ್ಲ. ಹೊಟ್ಟೆಯ ತುಂಬ ಮದ್ದು ಇರುವವರಿಗೆ ಮಾತಿನ ಅಗತ್ಯ ಇರುವುದಿಲ್ಲ.

ನನ್ನ ಹಿಗ್ಗು ಮಧ್ಯಾಹ್ನದ ತನಕವೂ ಉಳಿಯಲಿಲ್ಲ. ಲಗಮಣ್ಣ ಸ್ಟೂಲಿನ ಮೇಲೆ ಕೂತು ನಳಿಕೆಯ ಬುಡವನ್ನು ಸವರುತ್ತ ತನ್ನಷ್ಟಕ್ಕೆ ಅಂದ: "ನೀನ ಮೊದಲ ಕುಂದ್ರಪಾ. ನಿನ್ನಿಂದ ಯಾರಿಗೂ ತ್ರಾಸಿಲ್ಲ. ಗಡಬಡಿಯೊಳಗ ನನ್ನ ಬೆರಳು ಒತ್ತೇಬಿಟ್ರೂ ಮೊದಲನೇದು ನೀನ ಇರ್ತಿ." ಆಗ ತಿಳಿಯಿತು ನೋಡಿ. ನನ್ನಿಂದ ಏನೂ ಆಗುವುದಿಲ್ಲ ಎಂಬ ಕಾರಣಕ್ಕೇ ನನ್ನನ್ನು ಮೊದಲು ಕೂರಿಸಿದ್ದ. ಸಿಡಿಯಬೇಕಾದ ದಿನ ಬಂದರೆ ಸಿಡಿಯುವವಳು ಎಡಗಡೆಯವಳೇ. ಮೈಯೆಲ್ಲ ಉರಿದುಹೋಯಿತು.

ಆದರೂ ಸಂಜೆಯ ಹೊತ್ತು ನನ್ನದಾಗಿತ್ತು. ಗಿರಾಕಿಗಳೆಲ್ಲ ಹೋಗಿ ಶಟರು ಅರ್ಧ ಇಳಿದ ಮೇಲೆ ಲಗಮಣ್ಣ ಎಡಗಡೆಯವಳನ್ನು ತೆಗೆದು ಬೆಲ್ಟಿಗೆ ಸಿಗಿಸುತ್ತಿದ್ದ. ನಳಿಕೆಯೊಳಗೆ ಕಣ್ಣಿಟ್ಟು ನೋಡಿ, ಕಿರುಬೆರಳು ತೂರಿಸಿ ನೋಡಿ, ಎಡಗಡೆ ಖಾಲಿ ಎಂದು ಖಚಿತವಾದ ಮೇಲೆ ಮರಳಿನ ಬಕೆಟ್ಟಿಗೆ ಗುರಿಯಿಟ್ಟು ಮುಂದಿನ ಟ್ರಿಗರ್ ಒತ್ತುತ್ತಿದ್ದ. ಟಕ್. ಪಿನ್ನು ನನ್ನ ರಬ್ಬರಿಗೆ ಬಡಿಯುತ್ತಿತ್ತು. ಮತ್ತೆ ಟಕ್. ದಿನಕ್ಕೆ ಮೂವತ್ತು ನಲವತ್ತು ಸಲ. ಆ ಅರ್ಧ ಗಂಟೆ ಅವನಿಗೆ ನಾನು ಬೇಕು, ಅವಳು ಬೇಡ. ಬೆಲ್ಟಿನಲ್ಲಿ ನೇತಾಡುತ್ತ ಅವಳು ನೋಡುತ್ತಿರಲಿ ಎಂದು ನಾನು ಬೇಕೆಂದೇ ಗಟ್ಟಿಯಾಗಿ ಟಕ್ ಎನ್ನುತ್ತಿದ್ದೆ. ವಾರಗಳು ಕಳೆದಂತೆ ಬಂದೂಕಿನ ಬಾಯಿ ತಗ್ಗುವುದು ಕಡಿಮೆಯಾಯಿತು. ಅದು ನನ್ನ ಕೆಲಸ. ಅವಳು ಅದರಲ್ಲಿ ಮಾಡಿದ್ದು ಸೊನ್ನೆ.

ಅತ್ತ ಉಸ್ತಾದರ ಮನೆಯಲ್ಲಿ ನಡೆದದ್ದು ನನಗೆ ಆಮೇಲೆ ತಿಳಿದದ್ದು. ಪರೀಕ್ಷೆಗೆ ನಾಲ್ಕು ದಿನ ಇದೆ ಎನ್ನುವಾಗ ಅವರು ಡಬ್ಬಿಗಳನ್ನು ಒರೆಸಿಡಲು ಕೂತರು. ಚಹಾಪುಡಿಯ ಡಬ್ಬಿಗೆ ಇರುವೆ ಮುತ್ತಿತ್ತು. ಆರರಲ್ಲಿ ಐದರ ಬಾಯಿಗೆ ಮೇಣವಿತ್ತು. ಆರನೆಯದರ ಬಾಯಿಗೆ ಮೆತ್ತಿದ್ದು ಗೋಧಿ ಕಣಕ! ಅಡುಗೆಯವನ ಬುದ್ಧಿ, ಏನಾದರೂ ಮುಚ್ಚಬೇಕೆಂದರೆ ಅವನ ಕೈ ಹೋಗುವುದು ಹಿಟ್ಟಿನ ಡಬ್ಬಿಗೇ. ಉಸ್ತಾದ್ ಒಂದು ಕ್ಷಣ ನಕ್ಕರಂತೆ. ಮರುಕ್ಷಣ ಹೊಳೆಯಿತು. ಡಮ್ಮಿಯೊಂದು ಹೊರಗಿದೆ, ಗನ್‌ಮನ್ ಒಬ್ಬನ ಬಳಿ ಇದೆ. ಅಪ್ಪಿತಪ್ಪಿ ಡ್ಯೂಟಿಯ ಬಂದೂಕಿಗೆ ಅದು ಹೋದರೆ, ಕಳ್ಳ ಎದುರಿಗೆ ಬಂದ ದಿನ ಲಗಮಣ್ಣ ಸತ್ತ. ಉಸ್ತಾದ್ ಆ ಕಣಕದ ಕಾಡತೂಸನ್ನು ಜರ್ಕಿನ್ನಿನ ಒಳಜೇಬಿಗೆ ಹಾಕಿಕೊಂಡು, ಹೆಲ್ಮೆಟ್ ಏರಿಸಿ, ಬೈಕು ಹತ್ತಿದರು.

ಅದು ಪೆನ್ಶನ್ ವಾರ. ಬ್ಯಾಂಕಿನ ಹಾಲ್ ತುಂಬ ಮುದುಕಿಯರು, ಕೆಲವರು ಕಂಬಕ್ಕೆ ಒರಗಿ ನೆಲದ ಮೇಲೆ. ಅದೇ ಬೆಳಿಗ್ಗೆ ಮ್ಯಾನೇಜರ್ ಶೈಲಜಾ ಮೇಡಂ ಲಗಮಣ್ಣನನ್ನು ಒಳಗೆ ಕರೆದಿದ್ದರು. ಅವರು ಉಡುಪಿ ಕಡೆಯವರು.

"ಲಗಮಣ್ಣ, ಸರ್ಕ್ಯುಲರ್ ಬಂದುಂಟು. ಪಕ್ಕದ ತಾಲ್ಲೂಕಲ್ಲಿ ಹೆಲ್ಮೆಟ್ ಹಾಕಿಕೊಂಡವನೊಬ್ಬ ಬ್ಯಾಂಕಿಗೆ ನುಗ್ಗಿದ್ದಾನಂತೆ, ಜಾಕೆಟ್ ಒಳಗೆ ಪಿಸ್ತೂಲು ಇತ್ತಂತೆ. ಹೆಲ್ಮೆಟಿನವರನ್ನು ಬಾಗಿಲಲ್ಲೇ ನಿಲ್ಲಿಸಿ, ಆಯ್ತಾ?"

"ಆತ್ರಿ ಮೇಡಂ," ಎಂದಿದ್ದ ಲಗಮಣ್ಣ. ಅವನ ಅಂಗೈ ಬೆವರಿದ್ದು ಬಂದೂಕಿನ ಹಿಡಿಗೆ ತಿಳಿಯಿತು, ಹಿಡಿಯಿಂದ ನಮಗೂ ತಿಳಿಯಿತು. ಎಡಗಡೆಯವಳು ನೆಟ್ಟಗೆ ಕೂತಳು. ಅವಳಿಗೆ ತನ್ನ ದಿನ ಬಂತು ಎನ್ನಿಸಿರಬೇಕು.

ಹನ್ನೆರಡರ ಸುಮಾರಿಗೆ ಬೈಕು ನಿಂತ ಸದ್ದು. ಮೆಟ್ಟಿಲ ಮೇಲೆ ಓಡುವ ಹೆಜ್ಜೆ. ಹೆಲ್ಮೆಟ್ ತೆಗೆಯದ ಒಬ್ಬ ಮನುಷ್ಯ, ಬಲಗೈಯನ್ನು ಜರ್ಕಿನ್ನಿನೊಳಗೆ ತೂರಿಸಿಕೊಂಡು, ಮುಖ ಮುಚ್ಚಿದ ಗಾಜಿನೊಳಗಿಂದ ಏನೋ ಒದರುತ್ತ ಬಾಗಿಲಿಗೆ ನುಗ್ಗಿದ. ಅವನು ಒದರಿದ್ದು ಲಗಮಣ್ಣನ ಹೆಸರನ್ನೇ, ಆದರೆ ಹೆಲ್ಮೆಟಿನೊಳಗಿನ ಮಾತು ಯಾರಿಗೆ ತಿಳಿಯುತ್ತದೆ. ಎಲ್ಲರಿಗೂ ಹೆಲ್ಮೆಟ್ ತೆಗೆಸಿ ಎಂದು ಪಾಠ ಹೇಳಿದ ಉಸ್ತಾದ್ ಆತುರದಲ್ಲಿ ತಮ್ಮದನ್ನೇ ಮರೆತಿದ್ದರು.

"ನಿಂದ್ರು. ಕೈ ಹೊರಗ ತಗಿ," ಎಂದ ಲಗಮಣ್ಣ. ಬಂದೂಕು ಭುಜಕ್ಕೇರಿತು. ಕೈ ಹೊರಗೆ ಬಂತು, ಅದರಲ್ಲಿ ಕೆಂಪಗೆ ಏನೋ ಇತ್ತು. ಲಗಮಣ್ಣನ ಬೆರಳು ಆಗಲೇ ಟ್ರಿಗರಿನ ಒಳಗಿತ್ತು. ಒತ್ತಿತು.

ಟಕ್.

ನನ್ನ ರಬ್ಬರಿನ ಮೇಲೆ ಪಿನ್ನು ಬಂದು ಬಿತ್ತು. ನನ್ನಿಂದ ಆದದ್ದು ಅಷ್ಟೇ. ಬಂದೂಕಿನ ಬಾಯಿ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಐದು ಹೆಜ್ಜೆ ದೂರದಲ್ಲಿ ನಿಂತವನ ಎದೆಯ ನಡುವೆ ನೆಟ್ಟಂತೆ ನಿಂತಿತ್ತು. ಟಕ್ ಎಂದ ಮೇಲೆ ಬೆರಳು ಹಿಂದಿನ ಟ್ರಿಗರಿಗೆ ಹೋಗಬೇಕು, ಅದು ಉಸ್ತಾದರದೇ ಪಾಠ. ಬೆರಳು ಎಲ್ಲಿತ್ತೋ ನಳಿಕೆಯೊಳಗಿದ್ದ ನನಗೆ ಕಾಣುವಂತಿರಲಿಲ್ಲ. ಎಡಗಡೆಯವಳು ಉಸಿರು ಬಿಗಿಹಿಡಿದದ್ದು ಮಾತ್ರ ಗೊತ್ತಾಯಿತು.

ಇಲ್ಲಿ ನಾನು ಸುಳ್ಳು ಹೇಳಬಹುದಿತ್ತು. ಆ ಮನುಷ್ಯ ಬದುಕಲಿ ಎಂದು ಬೇಡಿಕೊಂಡೆ ಎನ್ನಬಹುದಿತ್ತು. ಬೇಡಿಕೊಳ್ಳಲಿಲ್ಲ. ಇವಳು ಸಿಡಿಯದಿರಲಿ, ಇವಳಿಗೆ ಆ ಭಾಗ್ಯ ಸಿಗದಿರಲಿ ಎಂದು ಬೇಡಿಕೊಂಡೆ. ಜೀವನದಲ್ಲಿ ಅಷ್ಟು ತೀವ್ರವಾಗಿ ಇನ್ನೇನನ್ನೂ ಬೇಡಿಲ್ಲ.

ಅವಳು ಸಿಡಿಯಲಿಲ್ಲ. ಎದುರಿಗಿದ್ದ ಮನುಷ್ಯ ಎರಡೂ ಕೈಗಳನ್ನು ಮೆಲ್ಲಗೆ ಮೇಲೆತ್ತಿದ. ಕೆಂಪು ಕಾಡತೂಸು ಕೆಳಗೆ ಬಿದ್ದು ಒಂದು ಮುದುಕಿಯ ಸೀರೆಯಂಚಿಗೆ ಉರುಳಿತು. ಆಮೇಲೆ ಅವನು ಹೆಲ್ಮೆಟ್ ತೆಗೆದ. ಉಸ್ತಾದರ ಮುಖ ನೋಡಿದ್ದೇ ಲಗಮಣ್ಣ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ನೆಲಕ್ಕೆ ಕೂತ. ಬ್ಯಾಂಕಿನಲ್ಲಿ ಯಾರಿಗೂ ಏನೂ ತಿಳಿದಿರಲಿಲ್ಲ. ಸದ್ದೇ ಆಗಿರಲಿಲ್ಲವಲ್ಲ. "ಏನಾತಪಾ ತಮ್ಮಾ, ಚಕ್ರ ಬಂತೇನು?" ಎಂದು ಆ ಮುದುಕಿ ಲಗಮಣ್ಣನನ್ನು ಕೇಳಿದಳು.

ಉಸ್ತಾದ್ ಬಂದೂಕನ್ನು ಮೃದುವಾಗಿ ಕೈಗೆ ತೆಗೆದುಕೊಂಡರು, ಬಾಯನ್ನು ಮರಳಿನ ಬಕೆಟ್ಟಿಗೆ ತಿರುಗಿಸಿ ಮಡಚಿ ತೆರೆದರು. ಮೊದಲು ಎಡಗಡೆಯವಳು ಹೊರಬಂದಳು, ಆಮೇಲೆ ನಾನು. ಕಣ್ಣಿಟ್ಟು ನೋಡಿದರು, ಕಿರುಬೆರಳು ಹಾಕಿ ನೋಡಿದರು. ಅಂಥ ಹೊತ್ತಿನಲ್ಲೂ ಅವರ ಪದ್ಧತಿ ತಪ್ಪಲಿಲ್ಲ. ನಮ್ಮಿಬ್ಬರನ್ನೂ ಒಂದೇ ಅಂಗೈಯಲ್ಲಿ ಹಿಡಿದು ನೋಡಿದರು. ಬಂದೂಕನ್ನು ಮ್ಯಾನೇಜರ್ ಮೇಡಂಗೆ ಒಪ್ಪಿಸಿ, ಒಳಗಿಟ್ಟು ಬೀಗ ಹಾಕಿ ಎಂದರು. ನಡೆದದ್ದನ್ನು ಅವರಿಗೆ ಮುಚ್ಚಿಡಲಿಲ್ಲ, ಹೆಲ್ಮೆಟ್ ತೆಗೆಯದೆ ಬಂದದ್ದು ತಮ್ಮ ತಪ್ಪು ಎಂದ ಮೇಲೆಯೇ ಉಳಿದದ್ದನ್ನು ಹೇಳಿದರು.

ಹೊರಗೆ ಬೇವಿನ ಮರದ ಕೆಳಗೆ ಇಬ್ಬರೂ ಕೂತರು. ಲಗಮಣ್ಣ ಅಳುತ್ತಿದ್ದ.

"ನಾಕ್ ದಿನಕ್ಕ ಪರೀಕ್ಷಾ ಇತ್ತು," ಎಂದರು ಉಸ್ತಾದ್. "ಇವತ್ತ ಆತು ಅದು. ಬಾಯಿ ಒಂಚೂರೂ ಅಲಗಲಿಲ್ಲ. ಪಾಸಾದಿ, ಲಗಮಣ್ಣ."

ಲಗಮಣ್ಣ ತಲೆಯೆತ್ತಿದ.

"ಈಗ ನಿನ್ನ ಗುರಿ ತಪ್ಪಂಗಿಲ್ಲ. ಬೆರಳು ಮಾತ್ರ ಒಳಗ ಇತ್ತು. ಅದಕ್ಕ ನಿನ್ನ ಕೈಯಾಗ ಇನ್ನ ಬಂದೂಕು ಬ್ಯಾಡ. ನಾ ಸಹಿ ಮಾಡಂಗಿಲ್ಲ."

ಕೆಲಸ ಹೋಯಿತು. ಉಸ್ತಾದ್ ಅವನ ಪರವಾಗಿ ಒಂದು ಮಾತನ್ನೂ ಏಜೆನ್ಸಿಯವರಿಗೆ ಹೇಳಲಿಲ್ಲ. ಆದರೆ ಮರುವಾರ ತಾವೇ ಓಡಾಡಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಮಳಿಗೆ ಹಿಡಿದುಕೊಟ್ಟರು. ಲಗಮಣ್ಣ ಅಲ್ಲಿ ಖಾನಾವಳಿ ತೆರೆದ. ರೊಟ್ಟಿ ಬಡಿಯಲು ಹೆಂಡತಿ ನಿಂತಳು. ಮಧ್ಯಾಹ್ನದ ಊಟಕ್ಕೆ ಉಸ್ತಾದ್ ದಿನಾ ಅಲ್ಲಿಗೇ ಹೋಗುತ್ತಿದ್ದರು. ಬ್ಯಾಂಕಿನ ಸಂಗತಿ ಮಾತ್ರ ಇಬ್ಬರ ನಡುವೆ ಮತ್ತೆ ಬರಲಿಲ್ಲ.

ನಾನು ಚಹಾಪುಡಿಯ ಡಬ್ಬಿಗೆ ಮರಳಿದೆ. ಒಬ್ಬ ಮನುಷ್ಯನ ಜೀವ ಉಳಿಸಿದ್ದೇನೆ, ಇನ್ನು ನನ್ನ ಬೆಲೆ ತಿಳಿದೀತು ಎಂದುಕೊಂಡಿದ್ದೆ. ಏನಾಯಿತು ಕೇಳಿ. ಉಸ್ತಾದ್ ಎಡಗಡೆಯವಳನ್ನು ಬ್ಯಾಂಕಿಗೆ ವಾಪಸು ಕೊಡಲಿಲ್ಲ. ಏಜೆನ್ಸಿಯವರನ್ನು ಕೇಳಿ, ತಮ್ಮ ಸ್ವಂತ ಲೈಸೆನ್ಸಿನ ಮೇಲೆ ತಾವೇ ಇಟ್ಟುಕೊಂಡರು. ಅವಳ ಕೆಂಪು ಮೈಮೇಲೆ ಬಿಳಿ ಬಣ್ಣದಲ್ಲಿ ಸಿದ್ರಾಯ ಎಂದು ತಮ್ಮ ಹೆಸರನ್ನು ಬರೆದರು. ಹೊಸ ತಂಡ ಬಂದಾಗಲೆಲ್ಲ ಅವಳನ್ನು ಎತ್ತಿ ಹಿಡಿದು, "ಇದು ನನ್ನ ಹೆಸರಿಂದು. ಐದು ಹೆಜ್ಜಿ ದೂರದಾಗ ನನಗ ಕಾಯ್ಕೋತ ಕುಂತಿತ್ತು. ಯಾಕಂದ್ರ ನಾ ಹೆಲ್ಮೆಟ್ ತಗೀಲಿಲ್ಲ, ಅಂವಾ ಬೆರಳು ಹೊರಗ ಇಡಲಿಲ್ಲ," ಎನ್ನುತ್ತಿದ್ದರು. ಎಲ್ಲರೂ ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದರು. ಕೆಲವರು ಮುಟ್ಟಲು ಹೆದರುತ್ತಿದ್ದರು. ಏನೂ ಮಾಡದೆ ಕೂತಿದ್ದವಳು ಅವಳು! ಮಾಡಿದವನಾದ ನಾನು ಅದೇ ಹೊತ್ತಿನಲ್ಲಿ ಯಾರೋ ಹೆದರುಪುಕ್ಕಲನ ಬಂದೂಕಿನಿಂದ ಕಿತ್ತೆಸೆಯಲ್ಪಟ್ಟು ದೂಳಿನಲ್ಲಿ ಬಿದ್ದಿರುತ್ತಿದ್ದೆ. ಹನ್ನೊಂದು ವರ್ಷ ಇದೇ ನಡೆಯಿತು. ಹನ್ನೊಂದು ವರ್ಷವೂ ನನ್ನ ಹೊಟ್ಟೆ ಉರಿಯಿತು.

ನನ್ನ ಜೊತೆಯ ಡಮ್ಮಿಗಳು ಒಬ್ಬೊಬ್ಬರಾಗಿ ಒಡೆದರು. ನನ್ನ ರಬ್ಬರನ್ನು ಮೂರು ಸಲ ಬದಲಾಯಿಸಿದರು, ಹಸಿರು ಪಟ್ಟಿಗೆ ಐದು ಸಲ ಬಣ್ಣ ಬಳಿದರು. ಆಮೇಲೆ ಉಸ್ತಾದರ ಕೈ ನಡುಗತೊಡಗಿತು. ಬರಬರುತ್ತ ಚಹಾದ ಕಪ್ಪು ಕೂಡ ಬಸಿಯಲ್ಲಿ ಗಲಗಲ ಎನ್ನುವಂತಾಯಿತು. ನಡುಗುವ ಕೈ ಬಂದೂಕು ಹಿಡಿಯಬಾರದು ಎಂದು ಅವರಿಗೆ ಬೇರೆಯವರು ಹೇಳಬೇಕಾಗಲಿಲ್ಲ. ಕ್ವಾರಿಯ ಪಾಠ ನಿಲ್ಲಿಸಿದರು. ಲೈಸೆನ್ಸು, ಬಂದೂಕು, ಗುಂಡು ಎಲ್ಲವನ್ನೂ ಒಪ್ಪಿಸಲು ಆಟೋದಲ್ಲಿ ಪೊಲೀಸ್ ಠಾಣೆಗೆ ಹೋದರು. ಎಡಗಡೆಯವಳನ್ನು ಹೊಸ ಕರವಸ್ತ್ರದಲ್ಲಿ ಸುತ್ತಿದ್ದರು. ನನ್ನನ್ನೂ ಅದೇ ಚೀಲದಲ್ಲಿ ಹಾಕಿಕೊಂಡಿದ್ದರು. ಎರಡನ್ನೂ ಒಂದೇ ಚೀಲದಲ್ಲಿ ಇಡಬಾರದೆಂಬ ತಮ್ಮ ಕಟ್ಟಪ್ಪಣೆಯನ್ನು ಅವರೇ ಮೊದಲ ಸಲ ಮುರಿದಿದ್ದರು.

ಠಾಣೆಯ ರೈಟರು ಎಡಗಡೆಯವಳನ್ನು ತಿರುಗಿಸಿ ನೋಡಿ, ಹೆಸರು ಓದಿ, ಗೌರವದಿಂದ ಬೇರೆ ಇಟ್ಟುಕೊಂಡರು. ಆಮೇಲೆ ನನ್ನನ್ನು ಎತ್ತಿದರು, ಅಲ್ಲಾಡಿಸಿದರು. ಮರಳು ಸದ್ದಾಯಿತು.

"ಇದೇನ್ರಿ ಇದು?"

"ಡಮ್ಮಿ."

"ಹಂಗಾರ ಇದು ಲೆಕ್ಕಕ್ಕ ಬರಂಗಿಲ್ರಿ. ಮನಿಗೆ ಒಯ್ರಿ."

ಹೀಗೆ ಮನೆಗೆ ಬಂದೆ. ಈಗ ಉಸ್ತಾದರ ಹಾಸಿಗೆಯ ಪಕ್ಕದ ಕಿಟಕಿಯಲ್ಲಿ, ಮಾತ್ರೆಗಳ ಡಬ್ಬಿಯ ಪಕ್ಕ ನನ್ನ ಜಾಗ. ಎಡಗಡೆಯವಳು ಠಾಣೆಯ ಕೋಣೆಯಲ್ಲಿ ಬೀಗದ ಭದ್ರತೆಯಲ್ಲಿದ್ದಾಳೆ, ಇಂದಿಗೂ ಜೀವಂತ. ಉಸ್ತಾದ್ ಖಾನಾವಳಿಗೆ ಹೋಗಲಾರರು, ಆದ್ದರಿಂದ ಲಗಮಣ್ಣನೇ ಮಧ್ಯಾಹ್ನ ಡಬ್ಬಿ ತರುತ್ತಾನೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಚೂರು ಮಾಡಿ ಕೊಡುತ್ತಾನೆ.

ಮೊನ್ನೆ ಊಟವಾದ ಮೇಲೆ ಉಸ್ತಾದ್ ಕಿಟಕಿಯಲ್ಲಿದ್ದ ನನ್ನ ಕಡೆ ನೋಡಿದರು. ಇಷ್ಟು ವರ್ಷ ಕೇಳದ್ದನ್ನು ಅಂದು ಕೇಳಿದರು.

"ಲಗಮಣ್ಣ, ಖರೇ ಹೇಳು. ಅವತ್ತ ಹಿಂದಿನ ಟ್ರಿಗರಿಗೆ ಬೆರಳು ಹೋಗಿತ್ತೋ ಇಲ್ಲೋ?"

ಲಗಮಣ್ಣ ಡಬ್ಬಿಯ ಮುಚ್ಚಳವನ್ನು ಕೆಳಗಿಟ್ಟ. "ಹೋಗಿತ್ರಿ," ಎಂದ. "ನೀವ ಕಲಿಸಿದ್ರಲ್ಲಾ. ತಾನ ಹೋತು."

"ಮತ್ತ ಯಾಕ ಒತ್ತಲಿಲ್ಲ?"

"ಟಕ್ ಅಂತಲ್ರಿ, ಆ ಸಪ್ಪಳಕ್ಕ ಇದರ ನೆಪ್ಪಾತ್ರಿ ನನಗ." ಅವನು ನನ್ನನ್ನು ಎತ್ತಿಕೊಂಡ. ಹಿಟ್ಟು ಹತ್ತಿದ ಬೆರಳಿನಿಂದ ನನ್ನ ಹಸಿರು ಪಟ್ಟಿಯನ್ನು ಒರೆಸಿದ. "ಇದನ್ನ ಅಲ್ಲೆ ಯಾಕ ಇಟ್ಟಿದ್ದೆ ಅನ್ನೂದು ನೆಪ್ಪಾತು. ಕಣ್ಣು ತಗದು ನೋಡಿದ್ನಿ, ನಿಮ್ಮ ಕಾಲಾಗ ನಿಮ್ಮ ಹಳೇ ಬೂಟು. ನಿಮ್ಮನ್ನ ಉಳಿಸಿದ್ದು ನಾ ಅಲ್ರಿ ಉಸ್ತಾದ್, ಇದು."

ಉಸ್ತಾದ್ ಕೈ ಚಾಚಿ ನನ್ನನ್ನು ತೆಗೆದುಕೊಂಡರು, ಎದೆಯ ಮೇಲೆ ಇಟ್ಟುಕೊಂಡರು. ಅವರ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಲಗಮಣ್ಣ ಡಬ್ಬಿಯ ಮುಚ್ಚಳ ಹಾಕಿದ.

ನಾನು ಬಯಸಿದ್ದೆಲ್ಲ ಆ ಒಂದು ಮಾತಿನಲ್ಲಿತ್ತು. ಸಿಡಿಯದೆ ಇರುವುದೂ ಒಂದು ಕೆಲಸ ಎಂದು, ಅದನ್ನು ಎಲ್ಲರೂ ಮಾಡಲಾರರು ಎಂದು ನನಗೆ ಆ ಹೊತ್ತು ಅನ್ನಿಸಿತು. ಹೊಟ್ಟೆಯ ಉರಿ ಆರಿತೇ ಎಂದು ಕೇಳುತ್ತೀರಿ. ಆರಬೇಕಿತ್ತು. ಆದರೆ ಆ ಮಾತು ಬಂದಾಗ ಕೋಣೆಯಲ್ಲಿ ನಾವು ಮೂವರೇ ಇದ್ದೆವು. ಎಡಗಡೆಯವಳಿಗೆ ಅದು ಕೇಳಿಸಬೇಕಿತ್ತು.